ಪರೀಕ್ಷೆಗೆ ಬರುವ ರೋಗಿಯನ್ನೂ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಎಂಬಿಬಿಎಸ್ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ವಾರ್ಡುಗಳಲ್ಲಿ ವಿದ್ಯಾರ್ಥಿಗಳ ಓಡಾಟ ಜಾಸ್ತಿ. ಲಿವರ್ ದಪ್ಪಗಾದವರು, ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸುವವರು, ಲಕ್ವ ಹೊಡೆದವರು ಯಾವ ಹಾಸಿಗೆಯಲ್ಲಿದ್ದಾರೆ ಅನ್ನುವುದು ಹಾಸ್ಟೆಲಿಗೆಲ್ಲ ಗೊತ್ತಾಗಿಬಿಡುತ್ತದೆ. ಒಬ್ಬರ ಹಿಂದೆ ಒಬ್ಬರು ಬಂದು ಹೊಟ್ಟೆ ಒತ್ತುತ್ತಾರೆ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಕಲಿಯಲು ಇದು ಬೇಕೇ ಬೇಕು. ಊದಿದ ಗುಲ್ಮ (ಸ್ಪ್ಲೀನ್) ಬೆರಳಿಗೆ ತಾಕುವುದು ಹೇಗೆಂದು ಯಾವ ಪುಸ್ತಕವೂ ಕಲಿಸದು. ಆದರೆ ಮುಟ್ಟುವ ಮೊದಲು "ನೋಡಬಹುದಾ ಅಮ್ಮಾ?" ಎಂದು ಕೇಳುವವರು ಕಡಿಮೆ. ಪರದೆ ಎಳೆಯುವವರು ಇನ್ನೂ ಕಡಿಮೆ.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನಮ್ಮ ಲಾಂಗ್ ಕೇಸ್, ಅಂದರೆ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡುವ ಪ್ರಾಯೋಗಿಕ ಪರೀಕ್ಷೆ, ನಡೆಯುವ ರೀತಿಯೇ ಹಾಗಿದೆ. ವಿದ್ಯಾರ್ಥಿ ಒಬ್ಬನೇ ರೋಗಿಯ ಬಳಿ ಕೂತು ವಿವರ ಕೇಳಿ, ತಪಾಸಣೆ ಮಾಡಿ, ಕೇಸ್ ಶೀಟ್ ಬರೆಯುತ್ತಾನೆ. ಪರೀಕ್ಷಕರು ಬರುವುದು ಆಮೇಲೆ. ಅವನು ಹೇಗೆ ಮಾತಾಡಿದ, ಒತ್ತುವಾಗ ರೋಗಿ ಮುಖ ಕಿವುಚಿದ್ದನ್ನು ಗಮನಿಸಿದನೇ, ಇದನ್ನು ನಾವು ಯಾರೂ ನೋಡುವುದೇ ಇಲ್ಲ. ನೋಡದ್ದಕ್ಕೆ ಅಂಕವಿಲ್ಲ, ಅಂಕವಿಲ್ಲದ್ದಕ್ಕೆ ತಯಾರಿಯೂ ಇಲ್ಲ.

ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲೇ ಆಸ್ಕಿ (OSCE) ಎಂಬ ಪರೀಕ್ಷಾ ಕ್ರಮ ತಂದರು. ಅಲ್ಲಿ ಪರೀಕ್ಷಕರ ಕಣ್ಣೆದುರೇ ಕೆಲಸ ನಡೆಯಬೇಕು. ಬ್ರಿಟನ್ನಿನಲ್ಲಿ ಕೆಲಸ ಬಯಸುವ ನಮ್ಮ ಹುಡುಗ ಹುಡುಗಿಯರು ಮ್ಯಾಂಚೆಸ್ಟರಿನಲ್ಲಿ ಬರೆಯುವ ಪ್ಲಾಬ್ (PLAB) ಪರೀಕ್ಷೆಯ ಎರಡನೇ ಹಂತವೂ ಇದೇ ಬಗೆಯದು. 16 ಸನ್ನಿವೇಶ, ಒಂದೊಂದಕ್ಕೆ 8 ನಿಮಿಷ. ಹೆಸರು ಹೇಳಿಕೊಳ್ಳುವುದು, ಒಪ್ಪಿಗೆ ಪಡೆಯುವುದು, "ನಿಮಗೆ ಯಾವುದರ ಚಿಂತೆ?" ಎಂದು ವಿಚಾರಿಸುವುದು, ಎಲ್ಲವನ್ನೂ ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅಲ್ಲಿಗೆ ಹೋಗಲು ಕಲಿಯುವುದನ್ನು ಇಲ್ಲಿನ ಅಜ್ಜಿಯ ಹಾಸಿಗೆ ಪಕ್ಕದಲ್ಲೂ ಕಲಿಯಬಹುದು ಅಲ್ವಾ?

2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ನಡತೆ, ನೀತಿ, ಮಾತುಕತೆಯ ಪಾಠಗಳಿವೆ. ಕೆಲವು ಕಾಲೇಜುಗಳು ಆಸ್ಕಿಯನ್ನೂ ನಡೆಸುತ್ತಿವೆ. ಸಂತೋಷ. ಆದರೆ ಲಾಂಗ್ ಕೇಸಿನ ವೇಳೆಯೂ ಒಬ್ಬ ಪರೀಕ್ಷಕರು ಹತ್ತು ನಿಮಿಷವಾದರೂ ಪಕ್ಕದಲ್ಲಿ ನಿಲ್ಲಲಿ. ಹೊಟ್ಟೆ ಮುಟ್ಟುವ ಮೊದಲು ಎಲ್ಲಿ ನೋವೆಂದು ಕೇಳಿದ್ದಕ್ಕೆ, ಕೈ ತೊಳೆದದ್ದಕ್ಕೆ, ಕೊನೆಗೆ ಬಟ್ಟೆ ಸರಿಮಾಡಿ ಥ್ಯಾಂಕ್ಸ್ ಹೇಳಿದ್ದಕ್ಕೆ ಅಂಕ ಸಿಗಲಿ.

ರೋಗಿಗಳ ಕಡೆಯಿಂದಲೂ ಒಂದು ಮಾತು. ಪರೀಕ್ಷೆಗೆಂದೇ ಊರಿನಿಂದ ಕರೆಸಿಕೊಳ್ಳುವವರಲ್ಲಿ ಕೂಲಿ ಮಾಡುವವರು ಬಹಳ. ಬಸ್ ಚಾರ್ಜು, ಊಟ ಕೊಟ್ಟರೆ ಸಾಲದು, ಆ ದಿನದ ಕೂಲಿಯನ್ನೂ ಕೊಡಬೇಕು. ಒಬ್ಬ ರೋಗಿಯನ್ನು ದಿನಕ್ಕೆ ಎಷ್ಟು ವಿದ್ಯಾರ್ಥಿಗಳು ನೋಡಬಹುದು ಎಂಬ ಮಿತಿ ಬೇಕು. ಸುಸ್ತಾಯಿತು ಅಂದರೆ ಅಲ್ಲಿಗೇ ನಿಲ್ಲಿಸಬೇಕು. ಬೇಡ ಅಂದವರ ಚಿಕಿತ್ಸೆಗೆ ಏನೂ ತೊಂದರೆಯಾಗದೆಂದು ಅವರ ಮಾತಿನಲ್ಲೇ ಮೊದಲೇ ತಿಳಿಸಬೇಕು. ಮುಂದಿನ ಪರೀಕ್ಷೆಯ ಸುತ್ತೋಲೆಯಲ್ಲೇ ಇಷ್ಟನ್ನು ಸೇರಿಸಿ ಎಂದು ವಿಶ್ವವಿದ್ಯಾಲಯವನ್ನೂ ಕಾಲೇಜುಗಳ ಮುಖ್ಯಸ್ಥರನ್ನೂ ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ವೈದ್ಯಕೀಯ ಶಿಕ್ಷಕಿ, ಶಿವಮೊಗ್ಗ