ಬೀಗ ಬದಲಿಸುವ ಕೆಲಸಕ್ಕೆ ಕೂತ ಮಗಳಿಗೆ

ಚಿಂತಾಮಣಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದ.

"ಎಲ್ಲರಿಗೂ ಎಐ ಪ್ರಾಜೆಕ್ಟ್ ಕೊಟ್ಟಿದ್ದಾರಮ್ಮ, ನನಗೆ ಮಾತ್ರ ಆಸ್ಪತ್ರೆ ಸಾಫ್ಟ್‌ವೇರಿನಲ್ಲಿ ಎಲ್ಲೆಲ್ಲಿ ಯಾವ ಎನ್‌ಕ್ರಿಪ್ಶನ್ ಇದೆ ಅಂತ ಪಟ್ಟಿ ಮಾಡೋ ಕೆಲಸ" ಅಂತ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಅದಕ್ಕೇ ಈ ಪತ್ರ. ಎನ್‌ಕ್ರಿಪ್ಶನ್ ಎಂದರೆ ಮಾಹಿತಿಗೆ ಹಾಕುವ ಬೀಗ; ಆ ಪಟ್ಟಿ ಸಣ್ಣ ಕೆಲಸವಲ್ಲ ಕಣಮ್ಮ. ಈಗಿನ ಬೀಗಗಳನ್ನು ಒಡೆಯಬಲ್ಲ ಕ್ವಾಂಟಮ್ ಕಂಪ್ಯೂಟರ್ ಬರುವುದಕ್ಕೆ ಮುಂಚೆ ಆಗಲೇಬೇಕಾದ ಕೆಲಸಗಳಲ್ಲಿ ಅದೇ ಮೊದಲನೆಯದು.

ನಾನು ಲೆಕ್ಕದ ಮೇಷ್ಟ್ರು, ಲೆಕ್ಕದಿಂದಲೇ ಹೇಳುತ್ತೇನೆ. 83ನ್ನು 97ರಿಂದ ಗುಣಿಸು ಎಂದರೆ ನನ್ನ ಪಿಯು ಮಕ್ಕಳು ಅರೆಗಳಿಗೆಯಲ್ಲಿ 8051 ಎನ್ನುತ್ತಾರೆ. 8051 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ತರಗತಿ ಗಪ್‌ಚುಪ್. ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು 1977ರಲ್ಲಿ ಈ ಕಷ್ಟವನ್ನೇ ಬೀಗವಾಗಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಹೆಸರು. ಇವತ್ತಿನ ಆರ್‌ಎಸ್‌ಎ ಕೀಲಿಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 617 ಅಂಕಿಯಷ್ಟು ಉದ್ದ.

1994ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದ ಗಣಿತಜ್ಞ ಪೀಟರ್ ಶೋರ್ ಆ ಬೀಗ ತೆಗೆಯುವ ದಾರಿ ತೋರಿಸಿದರು. ಸುಲಭಕ್ಕೆ 15ನ್ನು ತಗೋ. 2ರ ಘಾತಗಳನ್ನು ಒಂದೊಂದಾಗಿ 15ರಿಂದ ಭಾಗಿಸಿ ಶೇಷ ಬರೆದುಕೊಂಡು ಹೋಗು: 1, 2, 4, 8, ಮತ್ತೆ 1, 2, 4, 8. ನಾಲ್ಕು ಹೆಜ್ಜೆಗೊಮ್ಮೆ ಸುತ್ತಿ ಬರುತ್ತದೆ. ನಾಲ್ಕರ ಅರ್ಧ ಎರಡು, 2ರ ವರ್ಗ 4. ಅದರಲ್ಲಿ ಒಂದು ಕಳೆದರೆ 3, ಒಂದು ಕೂಡಿದರೆ 5. ಮೂರೈದ್ಲ ಹದಿನೈದು! ದೊಡ್ಡ ಸಂಖ್ಯೆಗಾದರೆ ಈ ಸುತ್ತು ಎಷ್ಟು ಉದ್ದ ಎಂದು ಕಂಡುಹಿಡಿಯಲು ನಮ್ಮ ಕಂಪ್ಯೂಟರುಗಳಿಗೆ ಯುಗಗಳು ಸಾಲವು. ಕ್ವಾಂಟಮ್ ಯಂತ್ರಕ್ಕೆ ಸಲೀಸಾದದ್ದು ಸರಿಯಾಗಿ ಇದೊಂದೇ ಹೆಜ್ಜೆ. ಉಳಿದದ್ದು ಹೈಸ್ಕೂಲ್ ಲೆಕ್ಕ.

ಬೀಗ ಒಡೆಯುವಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ, ನಿಜ. 2024ರ ಡಿಸೆಂಬರಿನಲ್ಲಿ ಗೂಗಲ್ ತೋರಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105 ಕ್ಯೂಬಿಟ್, ಅಂದರೆ ಕ್ವಾಂಟಮ್ ಯಂತ್ರದ ಲೆಕ್ಕದ ಮೂಲ ಘಟಕಗಳು. ಆದರೆ ಇನ್ನೊಂದು ಕಡೆಯ ಲೆಕ್ಕವನ್ನೂ ನೋಡು. 617 ಅಂಕಿಯ ಬೀಗ ಒಡೆಯಲು 2 ಕೋಟಿ ಕ್ಯೂಬಿಟ್ ಬೇಕು ಎಂದು 2019ರಲ್ಲಿ ಅಂದಾಜು ಮಾಡಿದ್ದವರಲ್ಲಿ ಒಬ್ಬರಾದ ಸಂಶೋಧಕ ಕ್ರೇಗ್ ಗಿಡ್ನಿಯವರೇ 2025ರಲ್ಲಿ, 10 ಲಕ್ಷಕ್ಕೂ ಕಡಿಮೆ ಸಾಕು, ಒಂದು ವಾರದೊಳಗೆ ಮುಗಿಯುತ್ತದೆ ಎಂದು ಬರೆದರು. ಯಂತ್ರ ಬೆಳೆಯುತ್ತಿದೆ, ಅದಕ್ಕೆ ಬೇಕಾದ ಗಾತ್ರ ಇಳಿಯುತ್ತಿದೆ.

ಹಾಗಾದರೆ ಅದು ಬಂದಾಗ ನೋಡಿಕೊಂಡರಾಯಿತು ಎನ್ನುವವರಿಗೆ ಮಿಕೆಲೆ ಮೋಸ್ಕಾ ಎಂಬ ಗಣಿತಜ್ಞರು ಒಂದು ಕೂಡುವ ಲೆಕ್ಕ ಕೊಟ್ಟಿದ್ದಾರೆ. ಗುಟ್ಟು ಎಷ್ಟು ವರ್ಷ ಗುಟ್ಟಾಗಿರಬೇಕು, ಬೀಗ ಬದಲಿಸಲು ಎಷ್ಟು ವರ್ಷ ಬೇಕು, ಎರಡನ್ನೂ ಕೂಡು. ಆ ಮೊತ್ತ ಯಂತ್ರ ಬರುವ ಕಾಲಕ್ಕಿಂತ ಹೆಚ್ಚಾದರೆ ಈಗಲೇ ತಡವಾಗಿದೆ ಎಂದರ್ಥ. ನಿನ್ನ ಕೈಯಲ್ಲಿರುವ ಆಸ್ಪತ್ರೆಯ ದಾಖಲೆಗಳನ್ನೇ ತಗೋ. ಹದಿನೆಂಟರ ಹುಡುಗಿಯೊಬ್ಬಳ ಮಾನಸಿಕ ಚಿಕಿತ್ಸೆಯ ಟಿಪ್ಪಣಿ, ಒಬ್ಬನ ಎಚ್‌ಐವಿ ರಿಪೋರ್ಟ್, ಮಕ್ಕಳಿಗಾಗಿ ಗಂಡ ಹೆಂಡತಿ ಗುಟ್ಟಾಗಿ ಮಾಡಿಸಿಕೊಂಡ ಚಿಕಿತ್ಸೆ. ಇವು ಅವರ ಜೀವಮಾನವಿಡೀ ಹೊರಬೀಳಕೂಡದು. ಇವತ್ತು ತಂತಿಯಲ್ಲಿ ಹೋಗುತ್ತಿರುವುದನ್ನು ಯಾರೋ ಹಾಗೇ ನಕಲು ಮಾಡಿ ಇಟ್ಟುಕೊಂಡರೆ ಸಾಕು, ಇನ್ನು ಹದಿನೈದು ವರ್ಷಕ್ಕೆ ತೆಗೆದು ಓದಬಹುದು. ಒಂದು ಸಲ ಹೋದ ಪ್ರತಿಗೆ ಆಮೇಲೆ ಹೊಸ ಬೀಗ ಹಾಕಲು ಬರುವುದಿಲ್ಲ.

ಇನ್ನು ಸಹಿಯ ವಿಷಯ. ನನಗೆ ಹೆಚ್ಚು ಸಂಕಟವಾಗುವುದು ಇದರಲ್ಲೇ. ನಿಮ್ಮ ತಾತನ ಕ್ರಯಪತ್ರ ಬೀರುವಿನಲ್ಲಿದೆಯಲ್ಲ, ಮಡಿಕೆ ಹಾಕಿದ ಕಡೆಯೆಲ್ಲ ಹರಿದಿರುವ ಛಾಪಾ ಕಾಗದ. ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಕೆರೆ ಕೋಡಿ ಅಂತ ಚಕ್ಕುಬಂದಿ, ಕೆಳಗೆ ಮಾರಿದವರ ಹೆಬ್ಬೆಟ್ಟು. ಮಸಿ ಮಾಸಿದ್ದರೂ ಹೆಬ್ಬೆಟ್ಟಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ. ಈಗ ಪಹಣಿಗೆ ಬೀಳುವುದು ಡಿಜಿಟಲ್ ಸಹಿ. ಅದೂ ನಿಂತಿರುವುದು ಇಂಥದೇ ಲೆಕ್ಕದ ಮೇಲೆ. ಸಹಿ ಹಾಕುವ ಗುಪ್ತ ಕೀಲಿಯನ್ನು ಯಾರಾದರೂ ಕ್ವಾಂಟಮ್ ಯಂತ್ರದಿಂದ ಲೆಕ್ಕ ಮಾಡಿ ತೆಗೆದರೆ, ಅಸಲಿಗೂ ನಕಲಿಗೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ. ಬೆಂಗಳೂರು ಈ ಕಡೆ ಬೆಳೆದಂತೆಲ್ಲ ಇಲ್ಲಿ ಗುಂಟೆ ಗುಂಟೆಗೂ ಕೋರ್ಟು ಹತ್ತುತ್ತಿರುವವರನ್ನು ನೀನೇ ಕಂಡಿದ್ದೀಯ. ಅವರ ಕೈಗೆ ಕೊಡುವ ಕಾಗದ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು.

ಕ್ವಾಂಟಮ್ ಯಂತ್ರಕ್ಕೂ ಬಗ್ಗದಂತೆ ಮಾಡಿದ ಹೊಸ ಬೀಗಗಳು ತಯಾರಿವೆ. ಮಾನದಂಡ ಗೊತ್ತುಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಮೂರು ಮಾನದಂಡ ಹೊರಡಿಸಿತು: ಕೀಲಿ ಹಂಚಿಕೊಳ್ಳಲು ಎಂಎಲ್-ಕೆಇಎಂ, ಸಹಿಗೆ ಎಂಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ. ಆದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಮುಗಿಯಿತು ಅಂದುಕೊಳ್ಳಬೇಡ. 617 ಅಂಕಿಯ ಆರ್‌ಎಸ್‌ಎ ಸಹಿ 256 ಬೈಟ್. ಎಂಎಲ್-ಡಿಎಸ್‌ಎಯ ಅತಿ ಚಿಕ್ಕ ಸಹಿಯೇ 2,420 ಬೈಟ್. ಅತಿ ದೊಡ್ಡ ಕ್ಯೂಆರ್ ಕೋಡಿಗೆ ಹಿಡಿಯುವುದೇ 2,953 ಬೈಟ್. ಆಧಾರ್ ಕಾರ್ಡಿನ ಕ್ಯೂಆರ್‌ನಲ್ಲಿ ಹೆಸರು, ವಿಳಾಸ, ಫೋಟೋ, ಸಹಿ ಎಲ್ಲವೂ ಕೂತಿವೆ. ಹೊಸ ಸಹಿ ಬಂದರೆ ಫೋಟೋ ಎಲ್ಲಿಗೆ ಹೋಗಬೇಕು? ಫಾಲ್ಕನ್ ಎಂಬ ಇನ್ನೊಂದು ವಿಧಾನದ ಸಹಿ 666 ಬೈಟ್‌ಗೆ ಮುಗಿಯುತ್ತದೆ, ಅದರ ಮೇಲೂ ಕಣ್ಣಿಡು. ಇಂಥ ತೊಡಕುಗಳು ಗೊತ್ತಾಗುವುದೇ ನಿನ್ನಂಥವರು ಕೂತು ಪಟ್ಟಿ ಮಾಡಿದಾಗ.

ಹೊಸದನ್ನು ಕಣ್ಣುಮುಚ್ಚಿ ನಂಬಲೂ ಬೇಡ. ಹೊಸ ಬೀಗಗಳನ್ನು ಆರಿಸಲು ನಿಸ್ಟ್ ನಡೆಸಿದ ಸ್ಪರ್ಧೆಯಲ್ಲಿ ಕೊನೆಯ ಸುತ್ತುಗಳವರೆಗೂ ಬಂದಿದ್ದ ಸೈಕ್ ಎಂಬ ವಿಧಾನವನ್ನು 2022ರಲ್ಲಿ ಇಬ್ಬರು ಗಣಿತಜ್ಞರು ಸಾಮಾನ್ಯ ಕಂಪ್ಯೂಟರಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದು ಹಾಕಿದರು. ಅದಕ್ಕೇ ಹಳೆಯದು ಹೊಸದು ಎರಡನ್ನೂ ಜೋಡಿಸಿ ಹಾಕುವುದೇ ಸರಿ. ಸಿಗ್ನಲ್ ಆ್ಯಪ್ 2023ರಲ್ಲಿ ಹಾಗೇ ಮಾಡಿತು. ಕ್ರೋಮ್ ಬ್ರೌಸರಿನಲ್ಲೂ 2024ರಿಂದ ಅದೇ ಇದೆ.

ನಮ್ಮ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತು. ಸಂತೋಷ. ಆದರೆ ಯಂತ್ರ ಕಟ್ಟುವವರಿಗೆ ಸಿಗುವ ಗೌರವದಲ್ಲಿ ಕಾಲು ಭಾಗವಾದರೂ ತಾಲ್ಲೂಕು ಕಚೇರಿಯ, ಸಹಕಾರಿ ಬ್ಯಾಂಕಿನ, ಸರ್ಕಾರಿ ಆಸ್ಪತ್ರೆಯ ಬೀಗ ಬದಲಿಸುವವರಿಗೂ ಸಿಗಬೇಕು. ದೊಡ್ಡ ಕಂಪನಿಗಳು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಹಿಂದೆ ಬೀಳುವವರು ನಮ್ಮಂಥ ಊರಿನವರು.

ಇಲ್ಲಿಯವರು ಈಗಲೇ ಹೆದರಿ ಬ್ಯಾಂಕಿನಿಂದ ದುಡ್ಡು ತೆಗೆಯಬೇಕಿಲ್ಲ. ಓಟಿಪಿ ಕೇಳಿ ಮೋಸ ಮಾಡುವವನಿಗೆ ಕ್ವಾಂಟಮ್ ಕಂಪ್ಯೂಟರ್ ಬೇಕಾಗಿಲ್ಲ. ಫೋನ್ ಅಪ್‌ಡೇಟ್ ಕೇಳಿದರೆ ತಳ್ಳಿಹಾಕಬೇಡಿ, ಹೊಸ ಬೀಗ ಬರುವುದು ಅದರಲ್ಲೇ ಎಂದಷ್ಟೇ ನಾನು ಸ್ಟಾಫ್ ರೂಮಿನಲ್ಲಿ ಹೇಳುತ್ತಿರುತ್ತೇನೆ.

ನಿನ್ನ ಪಟ್ಟಿಗೆ ಎರಡು ಕಾಲಂ ಹೆಚ್ಚಿಗೆ ಸೇರಿಸು: ಈ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು, ಈ ಯಂತ್ರದ ಬೀಗವನ್ನು ಮುಂದೆ ಬದಲಿಸಲು ಬರುತ್ತದೆಯೇ. ಸ್ಕ್ಯಾನಿಂಗ್ ಯಂತ್ರಗಳನ್ನು ಬಿಡಬೇಡ, ಅವು ಹತ್ತು ಹದಿನೈದು ವರ್ಷ ಅಲ್ಲೇ ಕೂತಿರುತ್ತವೆ. ಮಾರಿದವರು ಉತ್ತರ ಕೊಡದಿದ್ದರೆ ಮತ್ತೆ ಮೇಲ್ ಹಾಕು, ಲಿಖಿತವಾಗಿಯೇ ಉತ್ತರ ಕೇಳು.

ಸಂಕ್ರಾಂತಿಗೆ ಬಂದಾಗ ಕಾಲೇಜಿಗೆ ಬಂದು ನಮ್ಮ ಸೆಕೆಂಡ್ ಪಿಯು ಮಕ್ಕಳಿಗೆ ಇದನ್ನು ಹೇಳಿಕೊಡು. ಪ್ರಿನ್ಸಿಪಾಲರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. 15ರ ಲೆಕ್ಕ ನಾನು ಮಾಡಿಸಿರುತ್ತೇನೆ, 21ರದ್ದು ನೀನು ಬೋರ್ಡಿನ ಮೇಲೆ ಮಾಡು.

ಇಂತಿ,
ನಿನ್ನ ಅಮ್ಮ