ಮಗಳಿಗೊಂದು ಪತ್ರ: ‘ಚೆನ್ನಾಗಿದೀನಿ’ ಅಂದ ದನಿ

ಡೊಂಬಿವಲಿ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

“ಹಾಡಿಲ್ಲ, ಮಾತಿಲ್ಲ, ಬರೀ ಸಾರಂಗಿ ಕೇಳಿ ನೀನ್ಯಾಕಮ್ಮ ಅಳ್ತೀಯ?” ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ನಕ್ಕು ಸುಮ್ಮನಾದೆ. ಕುಕ್ಕರ್ ಕೂಗುತ್ತಿತ್ತು, ಉತ್ತರವೂ ಹೊಳೆಯಲಿಲ್ಲ. ಆದರೆ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತೇ ಹೋಗುವವಳಿಗೆ ಯೋಚಿಸೋಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ನಿನ್ನ ಅಜ್ಜ ಹೋದಾಗ ಧಾರವಾಡದಲ್ಲಿ ನಾನು ಅಳಲಿಲ್ಲ. ಬಂದವರಿಗೆ ಚಹಾ, ಭಟ್ಟರಿಗೆ ದಕ್ಷಿಣೆ, ಹಾಸಿಗೆ ದಿಂಬಿನ ಲೆಕ್ಕ, ಇದರಲ್ಲೇ ದಿನ ಕಳೆದವು. ಇಲ್ಲಿಗೆ ವಾಪಸ್ ಬಂದ ಮರುದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ರೇಡಿಯೋದಲ್ಲಿ ಸಾರಂಗಿ ಶುರುವಾಯಿತು. ಯಾವ ರಾಗ, ಯಾರು ನುಡಿಸಿದ್ದು, ಇವತ್ತಿಗೂ ಗೊತ್ತಿಲ್ಲ. ಒಂದು ಸ್ವರದಿಂದ ಕೆಳಗಿನ ಸ್ವರಕ್ಕೆ ಅದು ಮೆಲ್ಲಗೆ ಜಾರಿತು, ಅಷ್ಟೇ. ಸಾಸಿವೆ ಕರಕಲಾಯಿತು. ನೀನು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಹೊಗೆಗೆ ಕಣ್ಣು ಉರಿಯುತ್ತಿದೆ ಅಂದೆ ನಾನು.

ಆ ಜಾರುವಿಕೆಗೆ ಮೀಂಡ್ ಅಂತಾರೆ. ನಿನ್ನ ಕೀಬೋರ್ಡ್ ಕ್ಲಾಸು ನೆನಪಿದೆಯಾ? ಒಂದು ಮನೆ ಒತ್ತಿದರೆ ಸಾ, ಪಕ್ಕದ್ದು ಒತ್ತಿದರೆ ರೀ. ನಡುವೆ ಏನೂ ಇಲ್ಲ. ಹಾರ್ಮೋನಿಯಂದೂ ಅದೇ ಕಥೆ. ಇಂಥ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. (ಅದು ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಅಜ್ಜನ ಭಜನೆ ಹಾರ್ಮೋನಿಯಂ ಇಲ್ಲದೆ ನಡೆದದ್ದೇ ಇಲ್ಲ.) ಸಾರಂಗಿಯಲ್ಲಿ ಮನೆಗಳೇ ಇಲ್ಲ. ಬಲಗೈಯಲ್ಲಿ ಕಮಾನು. ಎಡಗೈಯ ಉಗುರಿನ ಬುಡ ಕರುಳಿನ ತಂತಿಯ ಪಕ್ಕಕ್ಕೆ ತಾಗಿಕೊಂಡು ಜಾರುತ್ತದೆ. ಕೆಳಗೆ ಮೂವತ್ತಕ್ಕೂ ಜಾಸ್ತಿ ತರಫ್ ತಂತಿಗಳು ಯಾರೂ ಮುಟ್ಟದೆ ತಾವಾಗಿಯೇ ಮಿಡಿಯುತ್ತವೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಪುಣೆ ಹಾಸ್ಟೆಲಿಗೆ ಹೋದ ಮೊದಲ ವಾರ ಫೋನ್ ಮಾಡಿ “ಚೆನ್ನಾಗಿದೀನಿ ಅಮ್ಮ” ಅಂದೆ. ‘ಚೆನ್ನಾ’ ಸರಿಯಾಗೇ ಬಂತು. ‘ಗಿದೀನಿ’ ಕೆಳಗೆ ಜಾರಿತು. ಮಾತು ಒಂದು ಹೇಳಿತು, ದನಿ ಇನ್ನೊಂದು. ನಾನು ನಂಬಿದ್ದು ದನಿಯನ್ನೇ. ಸಾರಂಗಿಯಲ್ಲಿ ಆ ದನಿ ಒಂದೇ ಇರುತ್ತದೆ, ಅದನ್ನು ಮುಚ್ಚಿಡೋಕೆ ‘ಚೆನ್ನಾಗಿದೀನಿ’ ಅನ್ನೋ ಮಾತು ಇರಲ್ಲ.

ಬರೀ ಸಾರಂಗಿಯ ದನಿಯೇ ಸಾಕು ಅನ್ನೋದನ್ನು ನಮ್ಮ ಮುಂಬೈ ಜನ ಕೂಡ ತಕ್ಷಣ ಒಪ್ಪಲಿಲ್ಲ. ಸಾರಂಗಿ ಅಂದರೆ ಹಾಡುವವರ ಹಿಂದೆ ಕೂರೋ ವಾದ್ಯ ಅಂತಲೇ ಲೆಕ್ಕ. 1954ರಲ್ಲಿ ಇಲ್ಲಿನ ಕಾವಸ್‌ಜಿ ಜಹಾಂಗೀರ್ ಹಾಲ್‌ನಲ್ಲಿ ಸಾರಂಗಿ ವಾದಕ ರಾಮ್ ನಾರಾಯಣ್ ಒಬ್ಬರೇ ನುಡಿಸೋಕೆ ಕೂತರು. ದೊಡ್ಡ ಕಲಾವಿದರಿಗಾಗಿ ಕಾಯುತ್ತಿದ್ದ ಜನಕ್ಕೆ ತಾಳ್ಮೆ ಎಲ್ಲಿಂದ? ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸಣ್ಣ ಸಭೆಗಳಲ್ಲಿ ನುಡಿಸಿ ಧೈರ್ಯ ತಂದುಕೊಂಡು, ಎರಡು ವರ್ಷ ಬಿಟ್ಟು ಮುಂಬೈಯ ಸಂಗೀತೋತ್ಸವವೊಂದರಲ್ಲಿ ಮತ್ತೆ ಕೂತರು, ಜನ ಮೆಚ್ಚಿಕೊಂಡರು. ಆಮೇಲೆ ಅವರು ಹಾಡುವವರ ಹಿಂದೆ ಕೂರುವುದನ್ನೇ ಬಿಟ್ಟರು.

ನಿನ್ನಪ್ಪನ ವಾದ ಬೇರೆ. ದೊಡ್ಡವರು ತೀರಿಕೊಂಡಾಗಲೆಲ್ಲ ರೇಡಿಯೋದಲ್ಲಿ ಸಾರಂಗಿ ಹಾಕ್ತಿದ್ದರು, ಅದು ಕಿವಿಗೆ ಅಂಟಿದ ರೂಢಿ, ಅಷ್ಟೇ ಅಂತಾರೆ. ಸ್ವಲ್ಪ ನಿಜ. ಶಹನಾಯಿ ಕೇಳಿದರೆ ನಮಗೆ ಮದುವೆ ಊಟ ನೆನಪಾಗುತ್ತೆ ಅಲ್ವಾ? ಆದರೆ 2009ರಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಓದಿದ್ದೇನೆ. ಆಫ್ರಿಕಾದ ಕ್ಯಾಮರೂನ್‌ನಲ್ಲಿ ಮಾಫಾ ಅನ್ನೋ ಜನರಿದ್ದಾರೆ. ಪಾಶ್ಚಾತ್ಯ ಸಂಗೀತವನ್ನೇ ಕೇಳಿರದ ಅವರಿಗೆ ಪಿಯಾನೋ ತುಣುಕುಗಳನ್ನು ಕೇಳಿಸಿದರು. ಯಾವುದು ಸಂತೋಷ, ಯಾವುದು ದುಃಖ, ಯಾವುದು ಭಯ ಅಂತ ಅವರು ಗುರುತಿಸಿದರು. ಎಲ್ಲವೂ ಸರಿಯಾಗಲಿಲ್ಲ, ಆದರೆ ಸುಮ್ನೆ ಊಹಿಸಿದರೆ ಸಿಗುವುದಕ್ಕಿಂತ ಜಾಸ್ತಿ. ಅದೂ ಪಿಯಾನೋ! ಅಲ್ಲಿ ಮೀಂಡ್ ಎಲ್ಲಿಂದ ಬರಬೇಕು? ಹಾಗಾಗಿ ನನ್ನ ಜಾರುವಿಕೆಯ ಸಿದ್ಧಾಂತ ಪೂರ್ತಿ ಸಾಲದು. ವೇಗವೂ ಮಾತಾಡುತ್ತೆ. ಬೇಜಾರಾದಾಗ ನಾವು ನಡೆಯೋದೂ ನಿಧಾನ, ಮಾತೂ ನಿಧಾನ.

ಬುಧವಾರ “ಪೇಪರ್ ಚೆನ್ನಾಗಾಯ್ತು” ಅಂದೆಯಲ್ಲ, ಅದನ್ನೂ ಕೇಳಿಸಿಕೊಂಡಿದ್ದೇನೆ. ಶನಿವಾರ ಡೆಕ್ಕನ್ ಕ್ವೀನ್ ಹತ್ತಿ ಬಾ, ದಾದರ್‌ಗೆ ನಾನೇ ಬರ್ತೀನಿ. ಜುಣಕದ ವಡಿ ಮಾಡಿಡ್ತೀನಿ. ಪೇಪರ್ ಬಗ್ಗೆ ನಾನಾಗಿ ಕೇಳಲ್ಲ.

ನಿನ್ನ
ಅಮ್ಮ