ಖಂಡನಾ ನಿರ್ಣಯಕ್ಕೆ ಮೊದಲು

ಭೂತಾನದಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದ ನೇಪಾಳಿ ಮಾತಿನ ಹಿಂದೂಗಳನ್ನು ಇಲ್ಲಿಯ ಚರ್ಚುಗಳು ಮತಾಂತರ ಮಾಡುತ್ತಿವೆ, ನಮ್ಮ ಕನ್ನಡ ಕೂಟ ಒಂದು ಖಂಡನಾ ನಿರ್ಣಯ ಹೊರಡಿಸಬೇಕು ಎಂದು ಹಿರಿಯ ಸದಸ್ಯರೊಬ್ಬರು ಬರೆದಿದ್ದಾರೆ. ಪತ್ರ ಖಾರವಾಗಿದೆ, ಉದ್ದವೂ ಇದೆ. ಹಾಗಾಗಿ ಪೂರ್ತಿ ಅಚ್ಚು ಹಾಕುತ್ತಿಲ್ಲ. ಆದರೆ ಆ ಸಿಟ್ಟು ಅವರೊಬ್ಬರದೇ ಅಲ್ಲ. ದೇವಸ್ಥಾನದ ಪ್ರಸಾದದ ಸಾಲಿನಲ್ಲಿ, ವಾಟ್ಸ್ಯಾಪ್ ಗುಂಪುಗಳಲ್ಲಿ ಇದೇ ಮಾತು ಕಿವಿಗೆ ಬೀಳುತ್ತದೆ. ಈ ಸಲದ ಜಾಗ ಅದಕ್ಕೇ ಇರಲಿ.

ಒಹಾಯೊ, ಪೆನ್ಸಿಲ್ವೇನಿಯಾ ರಾಜ್ಯಗಳ ಕೊಲಂಬಸ್, ಆ್ಯಕ್ರನ್, ಪಿಟ್ಸ್‌ಬರ್ಗ್, ಹ್ಯಾರಿಸ್‌ಬರ್ಗ್ ಕಡೆ ನೆಲೆಸಿರುವ ಈ ಜನ ಭೂತಾನದ ದಕ್ಷಿಣ ತಪ್ಪಲಿನಲ್ಲಿ ತಲೆಮಾರುಗಳಿಂದ ಏಲಕ್ಕಿ, ಕಿತ್ತಳೆ ಬೆಳೆದುಕೊಂಡಿದ್ದ ರೈತರು. 1985ರ ಪೌರತ್ವ ಕಾಯ್ದೆ ಅವರಿಗೆ 1958ರ ಅಥವಾ ಅದಕ್ಕೂ ಹಿಂದಿನ ದಾಖಲೆ ತೋರಿಸಿ ಎಂದಿತು. ಬೆನ್ನಿಗೇ ರಾಜಮನೆತನದ ಸಮುದಾಯದ ಉಡುಪು ಕಡ್ಡಾಯವಾಯಿತು, ಶಾಲೆಗಳಿಂದ ನೇಪಾಳಿ ಹೋಯಿತು. 1990ರ ಪ್ರತಿಭಟನೆಗಳ ನಂತರ ಊರೂರೇ ಖಾಲಿಯಾದವು. ಭಾರತದ ನೆಲ ದಾಟಿ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಏಳು ಶಿಬಿರ ಸೇರಿದವರು ಒಂದು ಲಕ್ಷಕ್ಕೂ ಹೆಚ್ಚು. ಬಿದಿರಿನ ಗುಡಿಸಿಲುಗಳಲ್ಲಿ ಒಂದು ಪೀಳಿಗೆಯೇ ಬೆಳೆಯಿತು. 2008ರಿಂದ ಬೇರೆ ದೇಶಗಳು ಬಾಗಿಲು ತೆರೆದಾಗ 90 ಸಾವಿರಕ್ಕೂ ಮಿಕ್ಕಿ ಜನ ಅಮೆರಿಕಕ್ಕೆ ಬಂದರು.

ಕ್ರೈಸ್ತ ಸಂಸ್ಥೆಗಳು ಅವರಿಗೆ ಇಲ್ಲಿಗೆ ಬಂದಮೇಲೆ ಸಿಕ್ಕಿದ್ದಲ್ಲ. ಶಿಬಿರದ ಶಾಲೆಗಳನ್ನು ನಡೆಸಿದ್ದು ಕಾರಿಟಾಸ್ ನೇಪಾಳ, ಜೊತೆಗೆ ನಿಂತದ್ದು ಜೆಸ್ಯೂಟ್ ರೆಫ್ಯೂಜಿ ಸರ್ವಿಸ್. ಎರಡೂ ಕ್ಯಾಥೊಲಿಕ್. ಗುಡಿಸಿಲು, ರಸ್ತೆಗಳ ಕೆಲಸ ನೋಡಿಕೊಂಡದ್ದು ಪ್ರೊಟೆಸ್ಟೆಂಟ್ ಪಂಥದ ಲೂಥರನ್ನರ ಸಂಸ್ಥೆ. ಇಂದು ಆಸ್ಪತ್ರೆಯಲ್ಲಿ, ಗೋದಾಮಿನಲ್ಲಿ ಕೆಲಸ ಮಾಡುತ್ತಿರುವ ಭೂತಾನಿ ತರುಣರ ಇಂಗ್ಲಿಷ್ ಬಹುಮಟ್ಟಿಗೆ ಆ ಬಿದಿರು ಶಾಲೆಗಳ ಇಂಗ್ಲಿಷ್. ಅಲ್ಲಿ ಓದಿ ಬಂದವರಲ್ಲಿ ಬಹುಪಾಲು ಮಂದಿ ಈಗಲೂ ದಶೈಂ (ನೇಪಾಳಿಗಳ ದಸರಾ) ಹಬ್ಬಕ್ಕೆ ಹಿರಿಯರ ಮುಂದೆ ಬಾಗಿ ಮೊಸರು ಕಲಸಿದ ಅಕ್ಷತೆಯ ಟೀಕಾ ಇಡಿಸಿಕೊಳ್ಳುತ್ತಾರೆ. ಇಷ್ಟು ವರ್ಷ ಶಾಲೆ ನಡೆಸಿದ ಪಾದ್ರಿಗಳಿಗೆ ಮತಾಂತರವೊಂದೇ ಗುರಿಯಾಗಿದ್ದರೆ ಆ ಕೆಲಸ ತೀರಾ ಕಳಪೆಯಾಗಿ ನಡೆದಿದೆ ಎನ್ನಬೇಕು.

ಹಾಗೆಂದು ಸೇವೆ ಬೇರೆ, ಸುವಾರ್ತೆ (ಕ್ರಿಸ್ತನ ಬೋಧನೆ ಸಾರುವುದು) ಬೇರೆ ಎಂದು ಗೆರೆ ಎಳೆದುಬಿಡುವುದೂ ಸುಲಭವಲ್ಲ. ಕನ್ನಡದ ಮೊದಲ ಪತ್ರಿಕೆ, 1843ರ 'ಮಂಗಳೂರು ಸಮಾಚಾರ', ಬಾಸೆಲ್ ಮಿಷನ್ನಿನ ಪಾದ್ರಿ ಮೊಗ್ಲಿಂಗರ ಕೈಯಿಂದ ಹೊರಬಂತು. ಪತ್ರಿಕೆ ನಡೆಸುವ ಯಾವ ಕನ್ನಡಿಗನೂ ಅದನ್ನು ಮರೆಯಲಾರ. ಅದೇ ಮಿಷನ್ ಮಗ್ಗ ಹಾಕಿತು, ಹಂಚಿನ ಕಾರ್ಖಾನೆ ಕಟ್ಟಿತು. ಜಾತಿಯಿಂದ ಹೊರಬಿದ್ದ ಹೊಸ ಕ್ರೈಸ್ತರಿಗೆ ಅನ್ನ ಬೇಕಿತ್ತಲ್ಲ! ಮೊಗ್ಲಿಂಗರು ಮತಪ್ರಚಾರಕ್ಕೆಂದೇ ಬಂದವರು, ಅದನ್ನು ಮುಚ್ಚಿಡಲೂ ಇಲ್ಲ.

ಈಗ ಅಮೆರಿಕದ ಏರ್ಪಾಡು ನೋಡಿ. ನಿರಾಶ್ರಿತರನ್ನು ನೆಲೆಗೊಳಿಸಲು ಸರ್ಕಾರ ನೆಚ್ಚಿಕೊಂಡಿದ್ದ ಒಂಬತ್ತು ರಾಷ್ಟ್ರೀಯ ಸಂಸ್ಥೆಗಳಲ್ಲಿ ಆರು ಧಾರ್ಮಿಕ ಮೂಲದವು. ಐದು ಕ್ರೈಸ್ತ, ಒಂದು ಯೆಹೂದಿ. ಹಿಂದೂ ಸಂಸ್ಥೆ ಒಂದೂ ಇರಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವುದು, ಬಾಡಿಗೆ ಮನೆ ಹುಡುಕುವುದು, ಅವರ ರೂಢಿಗೆ ಒಗ್ಗುವ ಬಿಸಿ ಊಟ ಮೊದಲ ರಾತ್ರಿಯೇ ಸಿಗುವಂತೆ ನೋಡಿಕೊಳ್ಳುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಎಲ್ಲ ಆ ಸಂಸ್ಥೆಗಳ ಪಾಲಾಗಿತ್ತು. ಅದಕ್ಕೆ ಸರ್ಕಾರದ ಕರಾರಿನಲ್ಲಿದ್ದ ಅವಧಿ ಮೊದಲ 90 ದಿನ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೆಲಸದ ಜೊತೆ ಪ್ರಾರ್ಥನೆ, ಬೋಧನೆ ಬೆರೆಸಕೂಡದೆಂದು ನಿಯಮವಿದೆ. ಆ ಕಚೇರಿಗಳ ಮೇಲೆ ನನಗೆ ದೂರಿಲ್ಲ.

ತೊಂದರೆ ಇರುವುದು 91ನೇ ದಿನದಿಂದ. ಕರಾರು ಮುಗಿಯಿತು, ಅಜ್ಜಿಗೆ ಬಸ್ ಹತ್ತಲು ಬಾರದು, ಮಗ ರಾತ್ರಿ ಪಾಳಿಯಲ್ಲಿದ್ದಾನೆ. ಆಗ ಮನೆಗೆ ಬರುವುದು ಹತ್ತಿರದ ಚರ್ಚಿನ ಸ್ವಯಂಸೇವಕರು. ಅವರಲ್ಲಿ ಹೆಚ್ಚಿನವರು ಹಳೆಯ ಸೋಫಾ ತಂದು ಇಳಿಸಿ, ಟೀ ಕುಡಿದು ಹೋಗುವವರು. ಕೆಲವರಿಗೆ ಮಾತ್ರ ನಿರಾಶ್ರಿತರ ಬಡಾವಣೆ ಎಂದರೆ ಬಾಗಿಲಿಗೇ ಬಂದ, ಮತಾಂತರದ ಬೆಳೆ ಕೊಯ್ಯುವ ಹೊಲ. ಅಂಥವರ ವ್ಯಾನು ವೈದ್ಯರ ಹತ್ತಿರ ಹೋಗುವುದಕ್ಕೂ ಸಿಗುತ್ತದೆ, ಭಾನುವಾರ ಆರಾಧನೆಗೆ ಬಾರದವರಿಗೆ ನಿಧಾನವಾಗಿ ಸಿಗದೆಯೂ ಹೋಗಬಹುದು. ಇದನ್ನು ನಾನು ಒಪ್ಪುವುದಿಲ್ಲ. ಬಾಡಿಗೆ ಕಟ್ಟಲು ಪರದಾಡುವವನ ಮುಂದೆ ದೀಕ್ಷಾಸ್ನಾನದ ಮಾತೆತ್ತುವುದು ಅವನ ನಂಬಿಕೆಗೆ ಮಾತ್ರವಲ್ಲ, ಎತ್ತಿದವನ ನಂಬಿಕೆಗೂ ಅವಮಾನ.

ಪತ್ರ ಬರೆದ ಹಿರಿಯರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ಈ ಸಮುದಾಯದೊಳಗೆ ಕ್ರೈಸ್ತಮತ ಹರಡುವುದರಲ್ಲಿ ಬಿಳಿಯರಿಗಿಂತ ನೇಪಾಳಿ ಮಾತನಾಡುವ ಪಾಸ್ಟರುಗಳ ಪಾಲು ಕಡಿಮೆಯಿಲ್ಲ. ಅವರೂ ಶಿಬಿರದಲ್ಲೇ ಬೆಳೆದವರು, ಕೆಲವರು ಅಲ್ಲಿಯೇ ಯೇಸುವನ್ನು ನಂಬಿದವರು. ತಮ್ಮ ಭಾಷೆಯಲ್ಲಿ ಭಜನೆ ಹಾಡುತ್ತಾರೆ, ನೇಪಾಳಿ ಮದ್ದಳೆಯಾದ ಮಾದಲ್ ಬಾರಿಸುತ್ತಾರೆ, ಸಾವಾದ ಮನೆಯಲ್ಲಿ ರಾತ್ರಿಯೆಲ್ಲ ಕೂರುತ್ತಾರೆ. ಊರಲ್ಲಿ ಬಾವಿಕಟ್ಟೆಯಿಂದ ದೂರ ಇಟ್ಟಿದ್ದ ದಲಿತ ಮನೆಗಳವರು ಅಂಥ ಸಭೆಯೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತರೆ, ಅದನ್ನು ಆಮಿಷ ಎಂದು ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ. ಯೋಚಿಸಿ ನಂಬಿಕೆ ಬದಲಿಸುವ ಹಕ್ಕು ನಿರಾಶ್ರಿತನಿಗೂ ಇದೆ. ಅವನೇನು ನಮ್ಮ ಸುಪರ್ದಿನಲ್ಲಿರುವ ಮಗುವಲ್ಲ.

ಒಂದು ಅಂಕಿ ಮಾತ್ರ ಇಲ್ಲಿ ಹೇಳಲೇಬೇಕು. 2009ರಿಂದ 2012ರ ನಡುವೆ ಅಮೆರಿಕದ ಭೂತಾನಿ ನಿರಾಶ್ರಿತರಲ್ಲಿ 16 ಆತ್ಮಹತ್ಯೆಗಳನ್ನು ಇಲ್ಲಿಯ ರೋಗ ನಿಯಂತ್ರಣ ಕೇಂದ್ರ ಖಚಿತಪಡಿಸಿ ಕಾರಣ ಹುಡುಕಹೊರಟಿತು. ಕೆಲಸವಿಲ್ಲದಿರುವುದು, ಭಾಷೆ ಬಾರದಿರುವುದು, ತಮ್ಮವರಿಂದ ದೂರವಾಗಿ ಒಂಟಿಯಾಗಿರುವುದು ಮತ್ತೆಮತ್ತೆ ಕಂಡವು. ಅದೇ ವರ್ಷಗಳಲ್ಲಿ ನಮ್ಮ ಸುತ್ತಲಿನ ದೇವಸ್ಥಾನಗಳಲ್ಲಿ ರಾಜಗೋಪುರದ ಚಂದಾ ಎತ್ತುವ ಕೆಲಸ ಭರದಿಂದ ನಡೆದಿತ್ತು. ಹ್ಯೂಸ್ಟನ್ನಿನಲ್ಲಿ ಸೇವಾ ಇಂಟರ್‌ನ್ಯಾಷನಲ್ ಎಂಬ ಹಿಂದೂ ಸೇವಾಸಂಸ್ಥೆ ಭೂತಾನಿ ಕುಟುಂಬಗಳಿಗಾಗಿ ದುಡಿದದ್ದುಂಟು. ಅಂಥವರನ್ನು ಬಿಟ್ಟರೆ ಭಾರತೀಯರಾದ ನಾವು ಆ ಮನೆಗಳ ಬಾಗಿಲು ತಟ್ಟಿದ್ದು ಅಷ್ಟಕ್ಕಷ್ಟೆ.

ಈಗ ಆ ಚರ್ಚುಗಳ ಸಂಸ್ಥೆಗಳೂ ಸೊರಗಿವೆ. 2025ರ ಜನವರಿಯಲ್ಲಿ ನಿರಾಶ್ರಿತರ ಪ್ರವೇಶ ನಿಂತಿತು, ಅನುದಾನ ಕಡಿಯಿತು. ಏಪ್ರಿಲ್‌ನಲ್ಲಿ ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ಸರ್ಕಾರದ ಜೊತೆಗಿನ ದಶಕಗಳ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದಿತು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ, ಇಲ್ಲಿಂದ ಗಡೀಪಾರಾದ ಕೆಲವು ಭೂತಾನಿಗಳನ್ನು ಭೂತಾನ ಮತ್ತೆ ಭಾರತದ ಗಡಿಗೆ ತಂದು ಬಿಟ್ಟಿತು. ಪೌರತ್ವ ಸಿಗದ ಪ್ರತಿ ಮನೆಯಲ್ಲೂ ಈಗ ಹೆದರಿಕೆ.

ನಿರ್ಣಯದ ವಿಷಯ ಕಾರ್ಯಕಾರಿ ಸಮಿತಿಗೆ ಬಿಟ್ಟದ್ದು. ನನ್ನ ಮತ ಅದಕ್ಕಿಲ್ಲ. ನಾನು ಸಮಿತಿಯ ಮುಂದಿಟ್ಟಿರುವುದು ಬೇರೆ. ಆದಾಯವಿಲ್ಲದ ವೃದ್ಧ ನಿರಾಶ್ರಿತರಿಗೆ ಸಿಗುವ ಎಸ್‌ಎಸ್‌ಐ ಮಾಸಾಶನ, ಪೌರತ್ವ ಪಡೆಯದಿದ್ದರೆ, ಏಳು ವರ್ಷಕ್ಕೆ ನಿಂತುಹೋಗುತ್ತದೆ. ಪೌರತ್ವಕ್ಕೆ ಇಂಗ್ಲಿಷ್ ಪರೀಕ್ಷೆ. ಮರೆವಿನಿಂದಲೋ ಇನ್ನಾವುದೋ ಕಾಯಿಲೆಯಿಂದಲೋ ಕಲಿಯಲಾಗದವರಿಗೆ ಎನ್-648 ನಮೂನೆಯಲ್ಲಿ ವೈದ್ಯರು ಪರೀಕ್ಷಿಸಿ ಸಹಿ ಹಾಕಿದರೆ ವಿನಾಯಿತಿ ಕೇಳಬಹುದು. ಕಾಯಿಲೆ ಕಲಿಕೆಗೆ ಹೇಗೆ ಅಡ್ಡಿಯಾಗಿದೆ ಎಂದು ಬಿಡಿಸಿ ಬರೆಯಬೇಕು. ಅರ್ಧಂಬರ್ಧ ಬರೆದರೆ ವಿನಾಯಿತಿ ಸಿಗದೆ ಹೋಗಬಹುದು. ನಮ್ಮ ಸದಸ್ಯರ ಪಟ್ಟಿಯಲ್ಲಿ ವೈದ್ಯರಿಗೇನು ಬರವಿಲ್ಲ. ನೇಪಾಳಿ ಮಾತಿನ ಹಿರಿಯರಲ್ಲಿ ಹಲವರಿಗೆ ಹಿಂದಿ ತಿಳಿಯುವುದರಿಂದ ವೈದ್ಯರ ಜೊತೆ ಹಿಂದಿ ಬಲ್ಲವರು ಬೇಕು, ಶನಿವಾರ ಬೆಳಗ್ಗೆ ಪೌರತ್ವದ ತರಗತಿಗೆ ಹಿರಿಯರನ್ನು ಕರೆದೊಯ್ಯಲು ಕಾರುಗಳು ಬೇಕು. ತರಗತಿ ನಡೆಯುತ್ತಿರುವುದು ಚರ್ಚಿನ ನೆಲಮಾಳಿಗೆಯಲ್ಲೇ. ಹೆಸರು ಕೊಡುವವರು ಕಾರ್ಯದರ್ಶಿಯವರಿಗೆ ತಿಳಿಸಿ.